ಗಂಗುಲಮ್ಮನ ಮನೇಲಿ ಜ್ವರ

ದಿಬ್ಬೂರಹಳ್ಳಿಯ ಹೊಸಬೀದಿಯಲ್ಲಿ ಗಂಗುಲಮ್ಮನ ಬಾಯಿಗೆ ಹೆದರದ ಜೀವ ಎರಡೇ. ಒಂದು ಅವಳ ಗಂಡ ಬಯ್ಯಪ್ಪ. ಅವನು ತೀರಿಕೊಂಡು ಕೆಲವು ವರ್ಷ ಆಗಿತ್ತು. ಇನ್ನೊಂದು ಅವಳು ಸಾಕುತ್ತಿದ್ದ ರೇಷ್ಮೆ ಹುಳು. ಅದಕ್ಕೆ ಕಿವಿ ಇಲ್ಲ. ಮಿಕ್ಕವರೆಲ್ಲ, ನಲ್ಲಿ ನೀರು ಬಿಡುವವನಿಂದ ಹಿಡಿದು ಹಾಲಿನ ಡೇರಿಯವರವರೆಗೆ, ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಪಕ್ಕದ ಬೀದಿಗೆ ದಾರಿ ಹುಡುಕುತ್ತಿದ್ದರು. ಕೆಟ್ಟವಳೇನಲ್ಲ. ಬೈದು ಮುಗಿಸಿದ ಮೇಲೆ ‘ಊಟ ಆಯ್ತಾ?’ ಎಂದು ಕೇಳುವವಳೇ. ಆದರೆ ಅಷ್ಟು ಹೊತ್ತು ನಿಂತಿರುವವರು ಯಾರು?

ಅವಳ ತೌರು ತೊಂಡೇಬಾವಿ. ಅಪ್ಪ ರೈಲು ಹಳಿಯ ಮೇಲೆ ಕೆಲಸ ಮಾಡುತ್ತಿದ್ದವನು. ಗಾಡಿಯ ಸದ್ದಿನ ಮೇಲೆ ಕೂಗಿ ಕೂಗಿಯೇ ಇವಳ ಗಂಟಲು ಹೀಗಾಯಿತು ಎಂದು ಬಯ್ಯಪ್ಪ ತಮಾಷೆ ಮಾಡುತ್ತಿದ್ದ. ಮದುವೆಯಾಗಿ ದಿಬ್ಬೂರಹಳ್ಳಿಯ ಕಾಲೋನಿಗೆ ಬಂದ ಹೊಸತರಲ್ಲಿ ಅವಳು ಹೋಗುತ್ತಿದ್ದದ್ದು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ. ಕೊಯ್ದ ಸೊಪ್ಪನ್ನು ಹೊತ್ತು ತಂದು ಹುಳದ ಮನೆಯ ಬಾಗಿಲಲ್ಲಿ ಇಳಿಸಬೇಕು. ಹೊಸಿಲು ದಾಟುವ ಹಾಗಿಲ್ಲ.

“ಅಲ್ಲೇ ಇಡಮ್ಮ, ಒಳಕ್ಕೆ ಬರ್ಬೇಡ. ಹುಳಕ್ಕಾಗಲ್ಲ” ಅನ್ನುತ್ತಿದ್ದರು.

ಹುಳಕ್ಕೆ ಆಗದ್ದು ಬಹಳ ಇದೆ, ಸುಳ್ಳಲ್ಲ. ಹೊಗೆಸೊಪ್ಪಿನ ಘಾಟು ಆಗದು, ಒಗ್ಗರಣೆ ಘಾಟು ಆಗದು, ಸೆಂಟು ಆಗದು, ತಲೆನೋವಿಗೆ ಹಚ್ಚುವ ಮುಲಾಮೂ ಆಗದು. ಔಷಧಿ ಹೊಗೆ ಬಂತೆಂದರಂತೂ ಮುಗಿಯಿತು, ತಟ್ಟೆಗೆ ತಟ್ಟೆಯೇ ಸತ್ತು ಮಲಗುತ್ತದೆ. ಆದರೆ ಗಂಗುಲಮ್ಮನ ಮೈಮೇಲೆ ಇದ್ಯಾವುದೂ ಇರಲಿಲ್ಲ. ಆಗದೆ ಇದ್ದದ್ದು ಅವಳ ಕೇರಿ. ಅದು ಅವಳಿಗೂ ಗೊತ್ತಿತ್ತು, ಹೇಳುವವರಿಗೂ ಗೊತ್ತಿತ್ತು, ಹುಳಕ್ಕೊಂದೇ ಗೊತ್ತಿರಲಿಲ್ಲ.

ಬಯ್ಯಪ್ಪನಿಗೆ ರೇಷ್ಮೆ ಇಲಾಖೆಯಲ್ಲಿ ಜವಾನನ ಕೆಲಸ ಸಿಕ್ಕಿತು. ಮಗಳು ತನುಜ ಬಿ.ಎಡ್. ಮಾಡಿ ಗೌರಿಬಿದನೂರಿನಲ್ಲಿ ಟೀಚರಾದಳು, ಅಲ್ಲೇ ಮದುವೆಯೂ ಆಯಿತು. ಗಂಡ ಹೆಂಡತಿ ಹೊಸಬೀದಿಯಲ್ಲಿ ಸೈಟು ಕೊಂಡು ಮನೆ ಕಟ್ಟಿದರು, ನಡುಮನೆಯ ಗೋಡೆಗೆ ಬುದ್ಧನ ಪಟ ಹಾಕಿದರು. ಗೃಹಪ್ರವೇಶದ ದಿನ ಬೀದಿಯವರೆಲ್ಲ ಬಂದರು. ಬಂದು ಶಾಮಿಯಾನದ ಕೆಳಗೆ ಕೂತರು, ಲಾಡು ತಿಂದರು, ‘ಮನೆ ಚೆನ್ನಾಗಿ ಕಟ್ಟಿದ್ದೀರ’ ಎಂದು ಹೊರಗಿನಿಂದಲೇ ಹೇಳಿ ಹೊರಟರು. ಎದುರುಮನೆಯ ರಿಟೈರ್ಡ್ ಮೇಷ್ಟರು ಪುಟ್ಟಸ್ವಾಮಯ್ಯ ಹೊಸಿಲವರೆಗೆ ಬಂದು ನಿಂತರು. ಅವರ ಹೆಂಡತಿ ಗೋದಮ್ಮ ಅಷ್ಟೂ ಬರಲಿಲ್ಲ.

ಅವತ್ತು ಗಂಗುಲಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಮುಂದಿನ ತಿಂಗಳು ನಡುಮನೆಯಲ್ಲೇ ಸ್ಟ್ಯಾಂಡು ಹೂಡಿ, ತಟ್ಟೆ ಜೋಡಿಸಿ, ಹುಳು ತಂದು ಸಾಕಲು ಕೂತಳು. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಸಾರಿದಳು: “ನಮ್ಮನೇಲಿ ಹುಳ ಮೇಯಿಸ್ತಿದ್ದೀನಿ. ಯಾರೂ ಒಳಗೆ ಬರ್ಬೇಡಿ. ಹುಳಕ್ಕಾಗಲ್ಲ.” ಯಾರೂ ಬಾರದ ಮನೆ ಎನ್ನಿಸಿಕೊಳ್ಳುವುದಕ್ಕಿಂತ ಯಾರನ್ನೂ ಬಿಡದ ಮನೆ ಎನ್ನಿಸಿಕೊಳ್ಳುವುದು ವಾಸಿ, ಇದು ಅವಳ ಲೆಕ್ಕ. ಬಯ್ಯಪ್ಪ ಇರುವ ತನಕ ‘ಹೋಗ್ಲಿ ಬಿಡೇ’ ಅನ್ನುತ್ತಿದ್ದ. ಅವನು ಹೋದ ಮೇಲೆ ಕಟ್ಟಳೆ ಇನ್ನೂ ಬಿಗಿಯಾಯಿತು. ಪಕ್ಕದ ಮನೆಯ ಅಕ್ಕಯಮ್ಮ ಒಂದು ಸಲ ಮೊಸರಿಗೆ ಹೆಪ್ಪು ಕೇಳಲು ಬಂದು ಒಂದು ಕಾಲು ಒಳಗಿಟ್ಟಳು. ಆ ಕಾಲು ಹೊರಗೆ ಹೋಗುವಷ್ಟರಲ್ಲಿ ಕೇಳಬಾರದ್ದನ್ನೆಲ್ಲ ಕೇಳಿತ್ತು. ಅಂದಿನಿಂದ ಬೀದಿಯವರು ಏನಿದ್ದರೂ ಗೇಟಿನ ಹೊರಗೆ ನಿಂತು ಕೂಗುವುದೇ ರೂಢಿಯಾಯಿತು.

ಈಗ ಹುಳು ಸಾಕದ ಊರಿನವರಿಗೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಹಾಗೆ ಕೂತು ಹಳೇ ಚರ್ಮ ಕಳಚಿ ಏಳುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಮನೆಯಲ್ಲಿ ಓಡಾಟ ಗಲಾಟೆ ಇರಬಾರದು. ಬಾಣಂತಿ ಮಲಗಿದ ಮನೆಯ ಹಾಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನಾಲ್ಕನೇ ಜ್ವರ ದೊಡ್ಡದು. ಅದರಿಂದ ಎದ್ದ ಹುಳಕ್ಕೆ ಹಸಿವೆಂದರೆ ಹಸಿವು, ವಾರವೊಂದು ಬಿಡದೆ ಮೇದು ಗೂಡು ಕಟ್ಟುತ್ತದೆ. ಆ ವಾರ ಸೊಪ್ಪು ತಪ್ಪಿತೋ, ಹಿಂದಿನ ದುಡಿಮೆಯೆಲ್ಲ ನೀರಿನಲ್ಲಿ ಹೋಮ.

ಎರಡು ಸಾವಿರದ ಆರನೇ ಇಸವಿಯಲ್ಲಿ ಮನುಷ್ಯರಿಗೂ ಒಂದು ಜ್ವರ ಬಂತು. ಆ ವರ್ಷ ನಮ್ಮ ಸೀಮೆಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಚಿಕುನ್‌ಗುನ್ಯಾ. ಹೆಸರು ಕೇಳಿ ಅರ್ಧ ತಾಲ್ಲೂಕು ಕೋಳಿ ತಿನ್ನುವುದನ್ನು ಬಿಟ್ಟಿತು. ಕೋಳಿಗಳಿಗೆ ಆಯುಸ್ಸು ಹೆಚ್ಚಿತೇ ಹೊರತು ಜ್ವರ ಕಡಿಮೆಯಾಗಲಿಲ್ಲ. ಗಟ್ಟಿ ಗಂಡಸರು ಕುಕ್ಕರಗಾಲಲ್ಲಿ ಕೂತರೆ ಏಳಲಾರದೆ ಅಳುತ್ತಿದ್ದರು. ಚಿಂತಾಮಣಿ, ಶಿಡ್ಲಘಟ್ಟದ ಆಸ್ಪತ್ರೆಗಳ ಮುಂದೆ ಜನ ಕೋಲು ಊರಿಕೊಂಡು ನಿಂತಿರುತ್ತಿದ್ದರು. ಹೊಸಬೀದಿಯಲ್ಲಿ ಮೊದಲು ಮಲಗಿದವರು ಪುಟ್ಟಸ್ವಾಮಯ್ಯ ಮೇಷ್ಟರು. ಆಮೇಲೆ ಮೂಲೆಮನೆಯ ಶ್ಯಾಮಲಮ್ಮ, ಆಮೇಲೆ ಅವಳ ಅತ್ತೆ.

ಆಷಾಢದ ಒಂದು ಬೆಳಿಗ್ಗೆ ಗಂಗುಲಮ್ಮನ ಹುಳು ನಾಲ್ಕನೇ ಜ್ವರಕ್ಕೆ ಕೂತವು. ಅವತ್ತೇ ಮಧ್ಯಾಹ್ನ ಅವಳ ಮಂಡಿಯೊಳಗೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು. ಸಂಜೆಗೆ ಮೈ ಕಾದ ಹಂಚಾಯಿತು. ಅಡಿಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಬಿದ್ದುಕೊಂಡಳು. ಹುಳು ಜ್ವರಕ್ಕೆ ಕೂತ ಹೊತ್ತಿಗೇ ತನಗೂ ಬಂದದ್ದು ಒಳ್ಳೆಯದೇ ಆಯಿತು, ಇವತ್ತು ಸೊಪ್ಪು ಹಾಕುವ ಹಾಗಿಲ್ಲವಲ್ಲ ಎಂದುಕೊಂಡಳು. ಬೆಳಗಾಗುವಷ್ಟರಲ್ಲಿ ಸರಿಹೋಗುತ್ತೆ ಎಂದೂ ಅಂದುಕೊಂಡಳು.

ಮಾರನೇ ದಿನ ಬೆಳಿಗ್ಗೆ ಅವಳ ಬೆರಳುಗಳು ಮಡಚಲಿಲ್ಲ. ಲೋಟ ಹಿಡಿಯಲು ಹೋದರೆ ಲೋಟ ಉರುಳಿತು. ನಲ್ಲಿಯಲ್ಲಿ ನೀರು ಬಂದು ಹೋದ ಸದ್ದು ಕೇಳಿಸಿತು. ಗಂಗುಲಮ್ಮ ನಲ್ಲಿಗೆ ಬಾರದ ದಿನವೇ ಇರಲಿಲ್ಲವಾದ್ದರಿಂದ ಅಕ್ಕಯಮ್ಮ ಗೇಟಿನ ಹತ್ತಿರ ಬಂದು ನಿಂತು, ರೂಢಿಯಂತೆ ಅಲ್ಲಿಂದಲೇ ಕೂಗಿದಳು.

“ಗಂಗುಲಕ್ಕಾ, ಏಮಕ್ಕಾ, ನೀರಿಗೆ ಬರ್ಲಿಲ್ಲ?”

“ಜ್ವರ ಕಣೇ” ಎಂದಳು ಗಂಗುಲಮ್ಮ ಒಳಗಿನಿಂದ. ಅವಳ ದನಿ ಅವಳಿಗೇ ಕೇಳಿಸುವಷ್ಟಿತ್ತು. ಇನ್ನೊಂದು ಸಲ ಹೇಳಿದಳು.

“ಜ್ವರಾನಾ? ನಾಲ್ಕನೇದಾ?”

ಗಂಗುಲಮ್ಮ ಲೆಕ್ಕ ಹಾಕಿದಳು. ಮೇಷ್ಟರು, ಶ್ಯಾಮಲಮ್ಮ, ಶ್ಯಾಮಲಮ್ಮನ ಅತ್ತೆ. ಬೀದಿಯಲ್ಲಿ ಮೂರು ಜನ ಆಗಿತ್ತು. “ಹೂಂ ಕಣೇ, ನಾಲ್ಕನೇದೇ” ಎಂದಳು.

“ಅಯ್ಯೋ, ಮತ್ತೆ ಹೇಳ್ಬಾರ್ದಾ! ನಾನು ನೋಡು ಇಲ್ಲಿ ನಿಂತ್ಕೊಂಡು ಬಡ್ಕೋತಿದ್ದೀನಿ. ಬಾಗ್ಲು ತೆಗೀಬೇಡಕ್ಕ. ಯಾರೂ ನಿಮ್ಮನೆ ಕಡೆ ಬರ್ದಂಗೆ ನಾನು ಹೇಳ್ತೀನಿ, ನೀನು ಸುಮ್ನಿರು.”

ಹೆಜ್ಜೆ ದೂರ ಹೋಯಿತು. ಗಂಗುಲಮ್ಮ ಸೂರು ನೋಡುತ್ತಾ ಮಲಗಿದಳು. ಯಾರೂ ಬರದ ಹಾಗೆ ಹೇಳುತ್ತಾಳಂತೆ! ಮೇಷ್ಟರು ಮಲಗಿದಾಗ ಇದೇ ಅಕ್ಕಯಮ್ಮ ಎದುರುಮನೆಗೆ ದಿನಕ್ಕೆ ಎರಡು ಸಲ ರಾಗಿ ಗಂಜಿ ಹೊತ್ತುಕೊಂಡು ಹೋದಳು. ಶ್ಯಾಮಲಮ್ಮನ ಅತ್ತೆಯನ್ನು ಇದೇ ಬೀದಿಯ ಚನ್ನಕೇಶವ ತನ್ನ ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದೇ ಜ್ವರ, ಅದೇ ಬೀದಿ. ಗಂಗುಲಮ್ಮನ ಮನೆಗೆ ಬಂದಾಗ ಮಾತ್ರ ಬಾಗಿಲು ತೆಗೆಯಬೇಡ.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಎಷ್ಟೋ ಬಾಗಿಲುಗಳ ಹೊರಗೆ ನಿಂತು ಬೆಳೆದ ಹೆಂಗಸು. ಅವಳ ಕಣ್ಣಿಗೆ ಹಳದಿ ಬಿಟ್ಟು ಬೇರೆ ಕಂಡೀತಾದರೂ ಹೇಗೆ? ನಾನು ಅವಳನ್ನು ದೂರಲಾರೆ.

ಆ ದಿನ ಬೀದಿ ಎಂದಿನಂತಿರಲಿಲ್ಲ. ಹುಡುಗರ ಕ್ರಿಕೆಟ್ ಗಲಾಟೆ ಇಲ್ಲ. ಅಕ್ಕಯಮ್ಮನ ಮನೆಯ ಟಿ.ವಿ. ಸದ್ದಿಲ್ಲ. ಹನ್ನೊಂದು ಗಂಟೆಗೆ ತಪ್ಪದೆ ಬರುತ್ತಿದ್ದ ಒಗ್ಗರಣೆ ವಾಸನೆಯೂ ಇಲ್ಲ. ಹೆಣ ಬಿದ್ದ ಬೀದಿಯಂತಿದೆ, ನಾನು ಸಾಯಲಿ ಅಂತ ಕಾಯ್ತಿದ್ದಾರಾ ಎಂದು ಗಂಗುಲಮ್ಮ ಒಣಗಿದ ಬಾಯಲ್ಲೇ ಗೊಣಗಿದಳು. ತನುಜಳ ಫೋನಾದರೂ ಬರಬಹುದಿತ್ತು. ಅವಳು ಫೋನು ಮಾಡುತ್ತಿದ್ದದ್ದು ಗೋದಮ್ಮನ ಮನೆಗೆ. ಗೋದಮ್ಮ ಎದುರುಮನೆಯ ಜಗುಲಿಯಿಂದ ‘ಗಂಗುಲಮ್ಮಾ, ಫೋನು’ ಎಂದು ಕರೆಯುವುದು. ಅವತ್ತು ಆ ಕರೆಯೂ ಬರಲಿಲ್ಲ.

ಇಳಿಹೊತ್ತಿಗೆ ಬೀದಿಯ ತುದಿಯಲ್ಲಿ ಒಂದು ಯಂತ್ರ ಡರಡರ ಎಂದಿತು. ಅದರ ಹಿಂದೆಯೇ ಜಗಳ. ಅಕ್ಕಯಮ್ಮನ ಗಂಟಲು ಎದ್ದು ಕೇಳಿಸಿತು. “ಆ ಮನೇಲಿ ಜ್ವರ ಇದೆ ಅಂತ ಹೇಳ್ತಾ ಇಲ್ವಾ ನಿನಗೆ?” ಎನ್ನುತ್ತಿದ್ದಳು. ಚನ್ನಕೇಶವ “ಆ ಮನೆ ಹತ್ರ ಹೋಗ್ಬೇಡ ಅಂದ್ರೆ ಹೋಗ್ಬೇಡ” ಎನ್ನುತ್ತಿದ್ದ. ಮೆತ್ತಗಿನ ದನಿಯ ಗೋದಮ್ಮನೂ ಏನೋ ಕೂಗಿದಳು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ದೂರವಾಯಿತು.

ಹೊರಗಿನವರಿಗೂ ಸಾರಿದರಲ್ಲ, ಆ ಮನೆ ಹತ್ತಿರ ಹೋಗಬೇಡಿ ಎಂದು! ಗಂಗುಲಮ್ಮನಿಗೆ ಅಳು ಬಂತು. ಗಂಡ ಸತ್ತಾಗಲೂ ನಾಲ್ಕು ಜನರ ಮುಂದೆ ಅಳದವಳು ಆ ಅಡಿಗೆಮನೆಯ ನೆಲದ ಮೇಲೆ, ಕಣ್ಣೊರೆಸಿಕೊಳ್ಳಲು ಕೈ ಏಳದೆ, ಕಿವಿಯೊಳಗೆ ಕಣ್ಣೀರು ಇಳಿಯುವಂತೆ ಅತ್ತಳು.

ಮರುದಿನ ಬೆಳಕು ಹರಿದಾಗ ಅವಳಿಗೆ ನೆನಪಾದದ್ದು ತನ್ನ ಜ್ವರವಲ್ಲ, ಹುಳದ್ದು. ಇಷ್ಟು ಹೊತ್ತಿಗೆ ಎದ್ದಿರಬೇಕು. ಅಂಬೆಗಾಲಿಕ್ಕಿಕೊಂಡು ನಡುಮನೆಗೆ ಹೋದಳು. ಕೆಳಗಿನ ತಟ್ಟೆ ಎಳೆದು ನೋಡಿದಳು. ಎದ್ದಿದ್ದವು. ಎಲ್ಲ ಹುಳವೂ ಸಿಪ್ಪೆ ಕಳಚಿ, ಬೆಳ್ಳಗೆ ಹೊಸದಾಗಿ, ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಮೂಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಇಟ್ಟಿದ್ದ ಸೊಪ್ಪನ್ನು ಮುಂಗೈಯಿಂದ ಗೋರಿಕೊಂಡು, ಕೈಗೆ ಎಟುಕಿದ ತಟ್ಟೆಗಳಿಗೆ ಹಾಕಿದಳು. ಮೇಲಿನ ತಟ್ಟೆಗಳು ಎಟುಕಲಿಲ್ಲ. ಇದ್ದ ಸೊಪ್ಪು ಅಷ್ಟಕ್ಕೇ ಮುಗಿಯಿತು. ಮಳೆ ಹನಿ ಬಿದ್ದಂತೆ ಚರಚರ ಮೇಯುವ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು. ಅವಳ ಹಿಪ್ಪುನೇರಳೆ ತೋಟ ಇರುವುದು ಊರಾಚೆ. ಅವಳಿಗೆ ಎದ್ದು ನಿಲ್ಲಲೂ ಆಗದು.

ಕರೆಯಬೇಕು. ಯಾರನ್ನು? ನಿನ್ನೆ ಊರಿಗೆಲ್ಲ ಸಾರಿದವರನ್ನೇ? ಬಾಯಿಬಿಟ್ಟು ಕರೆದು, ಅವರು ‘ಬರಲ್ಲ’ ಅಂದರೆ? ತನ್ನ ಪಾಡಿಗಾದರೆ ಅವಳು ಕರೆಯುತ್ತಿರಲಿಲ್ಲ, ಈ ಮಾತು ನೀವು ನಂಬಬೇಕು. ಉಪವಾಸ ಬಿದ್ದು ಸತ್ತರೂ ಸಾಯುತ್ತಿದ್ದಳು, ಅಷ್ಟು ಹಟ. ಆದರೆ ಮೇಲಿನ ತಟ್ಟೆಯ ಅಂಚಿನಿಂದ ಒಂದು ಹುಳು ಅರ್ಧ ಮೈ ಹೊರಚಾಚಿ ಗಾಳಿಯಲ್ಲಿ ತಡಕಾಡುತ್ತಿತ್ತು. ಅದಕ್ಕೆ ಮಾನ ಮರ್ಯಾದೆ ಗೊತ್ತಿಲ್ಲ. ಹಸಿವಾಗಿದೆ ಅಷ್ಟೆ.

ಗಂಗುಲಮ್ಮ ತೆವಳಿಕೊಂಡು ಹೋಗಿ, ಅಗುಳಿಯನ್ನು ಮೊಣಕೈಯಿಂದ ತಳ್ಳಿ, ಬಾಗಿಲು ತೆಗೆದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಬೀದಿಯ ತುದಿಯಲ್ಲಿ, ಕರೆಂಟು ಕಂಬಕ್ಕೂ ಶ್ಯಾಮಲಮ್ಮನ ಮನೆಯ ಕಿಟಕಿಗೂ ಅಡ್ಡಲಾಗಿ ಒಂದು ಹಗ್ಗ ಕಟ್ಟಿತ್ತು. ಹಗ್ಗಕ್ಕೆ ಬೇವಿನಸೊಪ್ಪು ಸಿಕ್ಕಿಸಿದ್ದರು. ಸಿಡುಬಿನ ಅಮ್ಮ ಎದ್ದ ಮನೆಗೆ, ಕಾಲರಾ ಬಂದ ಕೇರಿಗೆ ಕಟ್ಟುವ ಹಾಗೆ.

ಅದನ್ನು ಕಂಡದ್ದೇ ತಡ, ಜ್ವರ ಎಲ್ಲಿತ್ತೋ, ಗಂಟಲು ಎಲ್ಲಿಂದ ಬಂತೋ!

“ಹಗ್ಗ ಕಟ್ಟಿದ್ದೀರೇನ್ರೋ? ನನಗೆ ಹಗ್ಗ ಕಟ್ಟಿದ್ದೀರಾ? ನಾನೇನು ಹುಚ್ಚುನಾಯೀನಾ? ನಿಮಗೆಲ್ಲಾ ಬಂದಾಗ ಜ್ವರ, ನನಗೆ ಬಂದ್ರೆ ಮಾರಿನಾ? ಬರ್ರೇ, ಬರ್ರೋ, ಯಾರು ಕಟ್ಟಿದ್ದು ಮುಂದೆ ಬರ್ರೋ!”

ಮೊದಲು ಓಡಿಬಂದವಳು ಅಕ್ಕಯಮ್ಮ. ಕೈಯಲ್ಲಿ ಸೌಟಿತ್ತು, ಅವಳು ಒಲೆಯನ್ನು ಹಿತ್ತಿಲಾಚೆಗೆ ಸಾಗಿಸಿ ಅಲ್ಲಿ ಅಡಿಗೆ ಮಾಡುತ್ತಿದ್ದಳು. ಗೇಟಿನವರೆಗೆ ಬಂದವಳು ಹೊಸಿಲ ಮೇಲೆ ನಾಲ್ಕು ಕಾಲಲ್ಲಿ ನಿಂತಿದ್ದ ಗಂಗುಲಮ್ಮನನ್ನು ಕಂಡು ಸೌಟು ಬಿಟ್ಟಳು. ಆ ಕೆಂಪು ಕಣ್ಣು, ಆ ಬಾತುಕೊಂಡ ಮಣಿಕಟ್ಟು. ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

“ಅಯ್ಯೋ ದೇವುಡಾ!” ಎಂದಳು. “ಜ್ವರ ನಿನಗಾ? ಹುಳಕ್ಕಲ್ವಾ?”

“ಹುಳಕ್ಕೂ ಬಂತು, ನನಗೂ ಬಂತು. ಯಾಕೆ, ನನಗೆ ಬರ್ಬಾರ್ದಾ?”

“ನಾಲ್ಕನೇದು ಅಂದ್ಯಲ್ಲಕ್ಕಾ!”

“ಹೂಂ! ಮೇಷ್ಟ್ರು, ಶ್ಯಾಮಲಮ್ಮ, ಅವಳ ಅತ್ತೆ, ನಾನು. ನಾಲ್ಕನೇದಲ್ವೇನೇ?”

ಅಕ್ಕಯಮ್ಮ ಹಣೆ ಚಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. “ಹುಳ ಜ್ವರಕ್ಕೆ ಕೂತಿದೆ, ಸದ್ದು ಮಾಡ್ಬೇಡಿ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ನಲ್ಲಕ್ಕ ನಾನು! ಹುಡುಗ್ರನ್ನ ಕೆರೆ ಬಯಲಿಗೆ ಅಟ್ಟಿದೆ. ಟಿ.ವಿ. ಕಿತ್ತಾಕಿದೆ. ಘಾಟು ನಿನ್ನ ಮನೆಗೆ ಹೊಡೀತದೆ ಅಂತ ನಿನ್ನೆಯಿಂದ ಆ ಮುಳ್ಳುಬೇಲಿ ಹತ್ರ ಅಡಿಗೆ. ನೀನು ಒಳಗೆ ಹಿಂಗೆ ಬಿದ್ದಿದ್ದೀಯಾ ಅಂತ ಯಾವ ಸೀಮೆ ದೇವ್ರು ಹೇಳ್ಬೇಕಿತ್ತು?”

“ಮತ್ತೆ ಹಗ್ಗ?”

“ಗಾಡಿ ಬರ್ಬಾರ್ದು ಅಂತ. ದೂರದಿಂದ ಕಾಣ್ಲಿ ಅಂತ ಬೇವಿನಸೊಪ್ಪು.”

ಅಷ್ಟರಲ್ಲಿ ಚನ್ನಕೇಶವ ಬಂದಿದ್ದ, ಗೋದಮ್ಮ ಬಂದಿದ್ದಳು, ಕೋಲೂರಿಕೊಂಡು ಮೇಷ್ಟರೂ ಬಂದಿದ್ದರು. ಗೋದಮ್ಮನಂತೂ ಬಿಳಿಚಿಕೊಂಡಿದ್ದಳು. ತನುಜ ಎರಡು ಸಲ ಫೋನು ಮಾಡಿದ್ದಳಂತೆ. “ನಿಮ್ಮಮ್ಮನ ಮನೇಲಿ ಜ್ವರ ಕಣಮ್ಮ, ಈಗ ಕೂಗಲ್ಲ” ಎಂದು ಗೋದಮ್ಮ ಹೇಳಿದಳಂತೆ. ಹುಳದ ಮನೆಯಲ್ಲಿ ಬೆಳೆದ ಹುಡುಗಿ “ಸರಿ ಆಂಟಿ, ಎದ್ದ ಮೇಲೆ ಮಾಡ್ತೀನಿ” ಎಂದು ಇಟ್ಟಳಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಇಡೀ ಬೀದಿಯ ಬುದ್ಧಿವಂತರು ಸೇರಿ ಮಾಡಿದ ಕೆಲಸ ಇದು.

ಎಲ್ಲರೂ ಬಂದರು ಸರಿ, ಎಲ್ಲರೂ ಗೇಟಿನಲ್ಲೇ ನಿಂತರು. ಒಬ್ಬರನ್ನೊಬ್ಬರು ನೋಡಿಕೊಂಡರು. ಕಡೆಗೆ ಚನ್ನಕೇಶವ ಕೇಳಿದ: “ಗಂಗುಲಕ್ಕ, ಒಳಗೆ ಬರ್ಬೋದಾ?”

ಅವಳು ಹೊಸಿಲ ಮೇಲೆ ಒರಗಿದ್ದಳು. ಇವರು ಬರಲು ಒಲ್ಲದೆ ನಿಂತವರಲ್ಲ, ತನ್ನ ಅಪ್ಪಣೆಗೆ ನಿಂತವರು ಎನ್ನುವುದು ಆಗ ಅವಳಿಗೆ ಹೊಳೆಯಿತು. ಇಷ್ಟು ವರ್ಷ ಆ ಗೇಟು ಹಾಕಿಕೊಂಡು ಕೂತಿದ್ದವಳು ತಾನೇ.

“ಬಾಯಲ್ಲಿ ಏನಿದೆ?” ಎಂದಳು ಕಡೆಗೆ.

ಚನ್ನಕೇಶವ ಹೊಗೆಸೊಪ್ಪು ಉಗಿದು, ಅಕ್ಕಯಮ್ಮನ ತೊಟ್ಟಿಯಲ್ಲಿ ಬಾಯಿ ಮುಕ್ಕಳಿಸಿ, ಊದಿ ತೋರಿಸಿ, ಒಳಗೆ ಬಂದ. ಅವನು ಗಂಗುಲಮ್ಮನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದ. ಆಮೇಲೆ ಕುಡುಗೋಲು ತೆಗೆದುಕೊಂಡು ಅವಳ ತೋಟಕ್ಕೆ ಹೋದ. ಅಕ್ಕಯಮ್ಮ ಗಂಜಿ ತಂದಳು. ಹೊಸಿಲಿನಲ್ಲಿ ಉಳಿದವಳು ಗೋದಮ್ಮ. ಮಡಿಕೆ ಕೆಡದ ಸೀರೆ, ತಲೆಯಲ್ಲಿ ಮಲ್ಲಿಗೆ.

“ಗಂಗುಲಮ್ಮ” ಎಂದಳು ಗೋದಮ್ಮ. “ಮೊದಮೊದಲು ಬರ್ಬಾರ್ದು ಅನ್ಕೊಂಡೇ ಬರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಬರಣ ಅನ್ಸೋ ಹೊತ್ಗೆ ನೀನು ಬಿಡ್ತಿರ್ಲಿಲ್ಲ.”

ಇಷ್ಟು ನೇರವಾದ ಮಾತನ್ನು ಗಂಗುಲಮ್ಮ ಆ ಬೀದಿಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಅದು ನೋಯಿಸಿತು. ನೋಯಿಸಿದರೂ ಗಾಯದೊಳಗಿನ ಮುಳ್ಳು ತೆಗೆದಂತೆ ಹಗುರವೂ ಆಯಿತು. ಪರವಾಗಿಲ್ಲ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ, ಪರವಾಗಿಲ್ಲದ ಮಾತೇನೂ ಅದಲ್ಲ.

“ತಲೇಲಿರೋ ಹೂವ ತೆಗ್ದಿಟ್ಟು ಬನ್ನಿ ಗೋದಮ್ಮೋರೇ” ಎಂದಳು. “ಹುಳಕ್ಕಾಗಲ್ಲ.”

ಗೋದಮ್ಮ ಹೂವು ಕಿತ್ತು, ಹಿಂದಕ್ಕೆ ಹೋಗಿ ಗೇಟಿನ ಮೇಲಿಟ್ಟು, ಸೆರಗು ಬಿಗಿದು ಒಳಗೆ ಬಂದಳು.

ಮುಂದಿನ ಆ ವಾರ ಗಂಗುಲಮ್ಮನ ನಡುಮನೆ ಸಂತೆಯಾಯಿತು. ಚನ್ನಕೇಶವ ಸೊಪ್ಪು ಕೊಯ್ದು ತರುವುದು, ಅಕ್ಕಯಮ್ಮ ತಟ್ಟೆ ಇಳಿಸುವುದು, ಗೋದಮ್ಮ ಹಿಕ್ಕೆ ಬಳಿಯುವುದು. ಯಜಮಾನಿ ಚಾಪೆಯ ಮೇಲೆ ಮಲಗಿಕೊಂಡು ಎಲ್ಲರನ್ನೂ ಬೈಯುವುದು. “ಅಂಗೈ ತುಂಬಾ ಹಾಕ್ಬೇಡ ಕಣೇ, ಉಸಿರು ಕಟ್ಟುತ್ತೆ.” “ಮೆಲ್ಲಗೆ ಗೋದಮ್ಮೋರೇ, ಅದು ಹುಳ, ನಿಮ್ಮನೆ ಅವರೆಕಾಯಲ್ಲ.” ತನುಜ ಓಡಿಬಂದಳು, ಅವಳ ಮನೆಯಲ್ಲೂ ಅತ್ತೆ ಮಾವ ಮಲಗಿದ್ದರಿಂದ ಒಂದು ರಾತ್ರಿ ಇದ್ದು ಹೋದಳು. ಹೋಗುವಾಗ ಅಕ್ಕಯಮ್ಮನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಹುಳು ಹಣ್ಣಾದ ದಿನ, ಎಂದರೆ ಮೈ ತಿಳಿಯಾಗಿ ಗೂಡು ಕಟ್ಟಲು ಸಿದ್ಧವಾದ ದಿನ, ಎಲ್ಲವನ್ನೂ ಸಂಜೆಯೊಳಗೆ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳಿಗೆ ಬಿಡಬೇಕಿತ್ತು. ಮೇಷ್ಟರೂ ಕನ್ನಡಕ ಏರಿಸಿಕೊಂಡು, ಮಂಡಿ ಮಡಚಲಾಗದೆ ಕುರ್ಚಿಯಲ್ಲಿ ಕೂತು ಹುಳು ಆರಿಸಿದರು. ಗೂಡು ಚೆನ್ನಾಗಿ ಬಂತು. ಚನ್ನಕೇಶವನೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿಬಂದ.

ಗಂಗುಲಮ್ಮ ಗೋಡೆ ಹಿಡಿದು ನಡೆಯುವಷ್ಟರಲ್ಲಿ ಅಕ್ಕಯಮ್ಮ ಮಲಗಿದಳು. ಅದೇ ಜ್ವರ. ಅವಳ ಹಿಂದೆಯೇ ಚನ್ನಕೇಶವನ ಹೆಂಡತಿಯೂ ಮಲಗಿದಳು.

ಗಂಗುಲಮ್ಮ ಗಂಜಿ ಮಾಡಿ, ಬಿಗಿಹಿಡಿಯಲಾರದ ಎರಡು ಕೈಯಲ್ಲೂ ಪಾತ್ರೆ ಅವುಚಿಕೊಂಡು ಅಕ್ಕಯಮ್ಮನ ಮನೆಗೆ ಹೊರಟಳು. ಆಗ ನಲ್ಲಿಯ ಹತ್ತಿರ ಪಂಚಾಯ್ತಿಯ ಗಂಗರಾಜು ಕಂಡ. ನೀರು ಬಿಡುವವನೂ ಅವನೇ, ಸೊಳ್ಳೆಗೆ ಹೊಗೆ ಹೊಡೆಯುವವನೂ ಅವನೇ. ಅವನನ್ನು ಕಂಡ ಮೇಲೆ ಸುಮ್ಮನೆ ಹೋಗಲು ಸಾಧ್ಯವೇ?

“ಬಾರಪ್ಪ ಇಲ್ಲಿ, ದೊಡ್ಡ ಮನುಷ್ಯ! ಊರಲ್ಲಿ ಇರೋಬರೋ ಬೀದಿಗೆಲ್ಲ ಹೊಗೆ ಹೊಡೆದ್ಯಂತೆ. ಮೇಲ್ಬೀದೀಲಿ ಜ್ವರ ನಿಂತೇ ಹೋಯ್ತಂತೆ. ನಮ್ಮ ಬೀದಿ ನಿನ್ನ ಕಣ್ಣಿಗೆ ಬೀಳ್ಲಿಲ್ವಾ? ಆ ಅಕ್ಕಯಮ್ಮ ಹೆಂಗೆ ನರಳ್ತಿದ್ದಾಳೆ ಹೋಗಿ ನೋಡು. ನಾವೇನು ಮನುಷ್ಯರಲ್ವಾ?”

ಗಂಗರಾಜು ನಲ್ಲಿಯ ಚಕ್ರ ಬಿಟ್ಟು ತಿರುಗಿದ. ಅವನಿಗೂ ಬಹಳ ದಿನದಿಂದ ಒಳಗೇ ಕುದಿಯುತ್ತಿತ್ತು.

“ನಾನು ಬರ್ಲಿಲ್ಲ ಅಂತ ಯಾರಕ್ಕ ಹೇಳಿದ್ದು? ಮಿಷನ್ ಹೊತ್ಕೊಂಡು ಬಂದಿದ್ದೆ. ನಿಮ್ಮೋರು ಬಿಟ್ರಾ? ನಿನ್ನ ಹುಳ ಜ್ವರಕ್ಕೆ ಕೂತಿದೆ, ಹೊಗೆ ಹೋದ್ರೆ ಒಂದೂ ಉಳಿಯಲ್ಲ ಅಂತ ಆ ಅಕ್ಕಯಮ್ಮ ದಾರಿಗೆ ಅಡ್ಡ ಕೂತ್ಬಿಟ್ಳು. ಚನ್ನಕೇಶವಣ್ಣ ಹಗ್ಗ ಎಳೆದ. ನೋಡ್ರಮ್ಮಾ, ಮೂರು ಜನಕ್ಕೆ ಆಗ್ಲೇ ಬಂದೈತೆ, ಹೊಗೆ ಹೊಡೀದಿದ್ರೆ ನಿಮ್ಮನ್ನೂ ಬಿಡಲ್ಲ ಸೊಳ್ಳೆ ಅಂತ ಕೈ ಮುಗಿದೆ. ‘ನಮ್ಮನ್ನ ಕಚ್ಲಿ ಬಿಡಪ್ಪ, ನಮಗೆ ಬಂದ ಜ್ವರ ಹೋಗುತ್ತೆ, ಆಯಮ್ಮನ ಹುಳ ಹೋದ್ರೆ ವಾಪಸ್ ಬರುತ್ತಾ’ ಅಂದ್ರು ಮೇಷ್ಟ್ರ ಹೆಂಡ್ತಿ. ಇನ್ನೇನು ಮಾಡ್ಲಿ ನಾನು? ಮಿಷನ್ ಮುಂದಿನ ಊರಿಗೆ ಹೋಗ್ಬೇಕಿತ್ತು, ಹೋಯ್ತು. ನಿಮ್ಮೋರು ಮಾಡಿದ್ದಕ್ಕೆ ನನ್ನ ಬೈತೀಯಲ್ಲಕ್ಕ!”

ಗಂಗುಲಮ್ಮ ಪಾತ್ರೆ ಅವುಚಿಕೊಂಡು ನಿಂತೇ ಇದ್ದಳು. ನಿಮ್ಮೋರು. ಅವಳ ಮಟ್ಟಿಗೆ ಆ ಮಾತಿಗೆ ಅರ್ಥ ಎರಡೇ ಆಗಿತ್ತು, ಒಂದು ತೊಂಡೇಬಾವಿಯವರು, ಇನ್ನೊಂದು ಕಾಲೋನಿಯವರು. ಗಂಗರಾಜು ಅದನ್ನು ಎಷ್ಟು ಸಲೀಸಾಗಿ ಆಡಿಬಿಟ್ಟ! ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಏನೂ ಹೇಳದೆ ಮುಂದೆ ಹೋದದ್ದನ್ನು ಕಂಡು ಅವನಿಗೇ ಗಾಬರಿಯಾಯಿತು.

ಅಕ್ಕಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಂಗುಲಮ್ಮ ಗಂಜಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಕೂರಲು ಬಹಳ ಹೊತ್ತು ಹಿಡಿಯಿತು.

“ಯಾಕೆ ಹೇಳ್ಲಿಲ್ಲ ನಂಗೆ?”

“ಏನಕ್ಕ?”

“ಹೊಗೆ ಮಿಷನ್ ತಡೆದಿದ್ದು.”

“ಅದೇನು ಹೇಳೋ ವಿಷ್ಯಾನಾ?” ಅಕ್ಕಯಮ್ಮ ನರಳುತ್ತಾ ಈ ಕಡೆ ಹೊರಳಿದಳು. “ನಮ್ಮನೇಲಿ ಹುಳ ಇದ್ದು, ಹೊಗೆ ಬಂದಿದ್ರೆ ನೀನು ತಡೀತಿರ್ಲಿಲ್ವಾ?”

ತಡೆಯುತ್ತಿದ್ದಳೋ ಇಲ್ಲವೋ ಗಂಗುಲಮ್ಮನಿಗೆ ಗೊತ್ತಾಗಲಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಅವಳನ್ನು ಒಳಗೊಳಗೇ ಕೊರೆದದ್ದು ಅದೇ.

ಅಕ್ಕಯಮ್ಮನ ಬಾತ ಪಾದ ಎರಡನ್ನೂ ಎಳೆದು ತನ್ನ ಮಡಿಲ ಮೇಲಿಟ್ಟುಕೊಂಡು, ಮಡಚದ ಬೆರಳುಗಳನ್ನು ಬಿಟ್ಟು ಅಂಗೈಯಿಂದ ಒತ್ತತೊಡಗಿದಳು.

“ನೋಯುತ್ತಕ್ಕ. ನಿನ್ನ ಕೈಯೇ ಸರಿಯಾಗಿಲ್ಲ, ಬಿಡು.”

“ಬಾಯ್ಮುಚ್ಕೊಂಡು ಮಲಕ್ಕೊ” ಎಂದಳು ಗಂಗುಲಮ್ಮ. ಸ್ವಲ್ಪ ಹೊತ್ತು ಒತ್ತಿದಳು. ಆಮೇಲೆ ತಲೆ ಎತ್ತದೆಯೇ ಅಂದಳು: “ಇನ್ಮೇಲೆ ತಡೀತೀನಿ ಕಣೇ.”

ಅಕ್ಕಯಮ್ಮ ಕಣ್ಣು ಮುಚ್ಚಿ, ಕಾಲು ಇನ್ನಷ್ಟು ಚಾಚಿದಳು.